ಓದುಗರ ಪ್ರಶ್ನೆ: ಪೋರಸನ ಆನೆಗೆ ಎಷ್ಟು ಮಿಲಿಮೀಟರ್?

ಪ್ರಶ್ನೆ: ನಾನೂ ನನ್ನ ಭಾವಮೈದನೂ ಸೇರಿ ಕ್ರಿ.ಪೂ. 326ರ ಝೀಲಂ ನದಿ ದಡದ ಕಾಳಗವನ್ನು ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್ ಎಂಬ, ಪ್ರಾಚೀನ ಯುದ್ಧಗಳನ್ನು ಗೊಂಬೆ ಸೈನಿಕರಿಂದ ಆಡುವ ಆಟದ) ನಿಯಮಗಳ ಪ್ರಕಾರ ಮೇಜಿನ ಮೇಲೆ ಆಡಬೇಕೆಂದಿದ್ದೇವೆ. ಅಲೆಕ್ಸಾಂಡರನ ಪಡೆ ಅವನದು, ಪೋರಸನ ಪಡೆ ನನ್ನದು. ಲೋಹದ ಸೈನಿಕರು 6, 10 ಮತ್ತು 15 ಮಿ.ಮೀ. ಎತ್ತರದ ಅಳತೆಗಳಲ್ಲಿ ಸಿಗುತ್ತಾರೆ. ಯಾವುದನ್ನು ಆರಿಸಿಕೊಳ್ಳಬೇಕು? ಬೇರೆ ಬೇರೆ ತಯಾರಕರ ಗೊಂಬೆಗಳನ್ನು ಬೆರೆಸಬಹುದೇ?
– ಮೈಸೂರಿನ ಓದುಗರೊಬ್ಬರು

ಉತ್ತರ: ಮೊದಲು ನಿಯಮದ ಮಾತು. 1990ರಲ್ಲಿ ಬಂದ ಡಿಬಿಎಯಲ್ಲಿ ಒಂದು ಸೈನ್ಯವೆಂದರೆ ಹನ್ನೆರಡೇ ತುಕಡಿ, 15 ಮಿ.ಮೀ. ಮತ್ತು ಅದಕ್ಕಿಂತ ಚಿಕ್ಕ ಗೊಂಬೆಗಳಿಗೆ ಪ್ರತಿ ತುಕಡಿಯ ಬೇಸಿನ (ಗೊಂಬೆಗಳನ್ನು ಅಂಟಿಸುವ ತಟ್ಟೆಯ) ಮುಂಭಾಗ 40 ಮಿ.ಮೀ., ಆಟದ ಮೈದಾನ ಎರಡಡಿ ಚೌಕ. ಆದ್ದರಿಂದ ನೀವು ಯಾವ ಅಳತೆ ಆರಿಸಿಕೊಂಡರೂ ಆಟ ಬದಲಾಗುವುದಿಲ್ಲ, ಆ 40 ಮಿ.ಮೀ. ಅಗಲದೊಳಗೆ ಕಾಣುವ ಚಿತ್ರ ಮಾತ್ರ ಬದಲಾಗುತ್ತದೆ. ಗೊಂಬೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಎತ್ತರ ಹೋಲಿಸುವ ಬದಲು, ಬೇಸಿನ ಮೇಲೆ ಜೋಡಿಸಿ ಹೋಲಿಸಬೇಕೆಂದು ನಾನು ಹೇಳುವುದು ಇದಕ್ಕೇ.

ಪೊಟ್ಟಣದ ಮೇಲೆ ಅಚ್ಚಾದ ಮಿಲಿಮೀಟರನ್ನು ಅಕ್ಷರಶಃ ನಂಬಬೇಡಿ. ಪಾದದಿಂದ ಕಣ್ಣಿನವರೆಗೆ ಅಳೆಯುವುದು ಹಳೆಯ ರೂಢಿ. ತಲೆಯ ತುದಿಯವರೆಗೆ ಅಳೆಯುವವರೂ ಇದ್ದಾರೆ, ಮತ್ತು ಶಿರಸ್ತ್ರಾಣದ ಜುಟ್ಟು ಸೇರಿಬಿಟ್ಟರೆ ಲೆಕ್ಕವೇ ಕೆಟ್ಟುಹೋಗುತ್ತದೆ. 15 ಮಿ.ಮೀ. ಎಂಬ ಹೆಸರಿನಲ್ಲೇ ಎಸೆಕ್ಸ್ ಮಿನಿಯೇಚರ್ಸ್‌ನ ಹಳೆಯ ಗೊಂಬೆಗಳೂ ಇವೆ, ಗ್ರೀಕ್ ಮತ್ತು ಮ್ಯಾಸಿಡೋನಿಯನ್ ಪಡೆಗಳಿಗೆ ಹೆಸರಾದ ಕ್ಸಿಸ್ಟನ್ ಗೊಂಬೆಗಳೂ ಇವೆ. ಎರಡನೆಯವು ನಿಜಕ್ಕೂ 18 ಮಿ.ಮೀ.ಗೆ ಹತ್ತಿರ, ಮೈಕಟ್ಟೂ ದಪ್ಪ. 6 ಮಿ.ಮೀ.ಯಲ್ಲೂ ಇದೇ ಕಥೆ: ಹೆರೋಯಿಕ್ಸ್ ಅಂಡ್ ರಾಸ್‌ನ ಸೈನಿಕ ತೆಳ್ಳಗೆ, ಮನುಷ್ಯನ ಪ್ರಮಾಣಕ್ಕೆ ಹತ್ತಿರವಾಗಿ ಇರುತ್ತಾನೆ, ಬ್ಯಾಕಸ್‌ನವನು ಗುಂಡುಗುಂಡಗೆ, ತಲೆ ದೊಡ್ಡದಾಗಿ, ಬಣ್ಣದ ಕುಂಚಕ್ಕೆ ಸುಲಭವಾಗಿ ಸಿಗುತ್ತಾನೆ. ಚಿತ್ರಪಟದಲ್ಲಿ ಮೊದಲನೆಯದು ಚೆನ್ನ, ಮೇಜಿನ ಮೇಲೆ ಮೂರಡಿ ದೂರದಿಂದ ಎರಡನೆಯದು ಚೆನ್ನ ಎಂಬುದು ನನ್ನ ಅನುಭವ.

ಇನ್ನು ನಿಮ್ಮ ಆನೆಗಳಿಗೆ ಬರೋಣ. ಪೋರಸ್ ತನ್ನ ಆನೆಗಳನ್ನು ಸುಮಾರು ನೂರು ನೂರಡಿ ಅಂತರದಲ್ಲಿ ಮುಂಚೂಣಿಗೆ ನಿಲ್ಲಿಸಿ, ಅವುಗಳ ನಡುವಿನ ತೆರವು ಕಾಯುವಂತೆ ಕಾಲಾಳುಗಳನ್ನು ಹಿಂದೆ ಇರಿಸಿದನೆಂದು ಗ್ರೀಕ್ ಇತಿಹಾಸಕಾರ ಏರಿಯನ್ ಬರೆಯುತ್ತಾನೆ. ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಡಯೊಡೋರಸನಂತೂ ಆ ಸೈನ್ಯವನ್ನು ಒಂದು ನಗರಕ್ಕೆ ಹೋಲಿಸಿ, ಆನೆಗಳು ಬುರುಜುಗಳಂತೆಯೂ ನಡುವಣ ಸೈನಿಕರು ಕೋಟೆಗೋಡೆಯಂತೆಯೂ ಕಂಡರೆಂದು ಹೇಳುತ್ತಾನೆ. ಆನೆಗಳ ಸಂಖ್ಯೆಯಲ್ಲಿ ಇವರಿಗೆ ಒಮ್ಮತವಿಲ್ಲ, ಏರಿಯನ್ 200 ಎಂದರೆ ಡಯೊಡೋರಸ್ 130 ಎನ್ನುತ್ತಾನೆ. ಆದರೆ ಆ ಕೋಟೆಯ ನೋಟವನ್ನು ಮೇಜಿನ ಮೇಲೆ ತರುವುದೇ ನಿಮ್ಮ ಕೆಲಸ. 15 ಮಿ.ಮೀ.ಯಲ್ಲಿ 40 ಮಿ.ಮೀ. ಚೌಕದ ಬೇಸಿಗೆ ಒಂದೇ ಆನೆ, ಬುರುಜು ಬಂತು, ಗೋಡೆ ಬರಲಿಲ್ಲ. 10 ಮಿ.ಮೀ.ಯಲ್ಲಿ ಅದೇ ಚೌಕದೊಳಗೆ ಎರಡು ಆನೆ, ಅವುಗಳ ಹಿಂದೆ ಮತ್ತು ನಡುವೆ ಐದಾರು ಬಿಲ್ಲಾಳುಗಳು ಹಿಡಿಸುತ್ತಾರೆ. 6 ಮಿ.ಮೀ.ಯಲ್ಲಿ ಆನೆಗಳು ಮೂರಾಗಬಹುದು, ಆದರೆ ಭಾರತೀಯ ಬಿಲ್ಲು ಬಿಲ್ಲುಗಾರನಷ್ಟೇ ಎತ್ತರವಿದ್ದು ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಬಾಣ ಬಿಡುತ್ತಿದ್ದರೆಂಬ ವಿಶೇಷ ಅಷ್ಟು ಚಿಕ್ಕ ಎರಕದಲ್ಲಿ ಬರಿಯ ಕಡ್ಡಿಯಾಗಿಬಿಡುತ್ತದೆ. ಆದ್ದರಿಂದ ಈ ಒಂದು ಕಾಳಗಕ್ಕೆ ನನ್ನ ಮತ 10 ಮಿ.ಮೀ.ಗೆ. ಪೆಂಡ್ರಾಕನ್, ಮ್ಯಾಜಿಸ್ಟರ್ ಮಿಲಿಟಮ್ ಇಬ್ಬರೂ ಆ ಅಳತೆಯಲ್ಲಿ ಎರಕ ಹೊಯ್ಯುತ್ತಾರೆ. ಇಬ್ಬರಿಂದಲೂ ಒಂದೊಂದು ಪೊಟ್ಟಣ ತರಿಸಿ ನೋಡಿ, ಆಮೇಲೆ ಉಳಿದದ್ದನ್ನು ಕೊಳ್ಳಿ. ನಿಮ್ಮ ಭಾವಮೈದನವರಿಗೂ ಇದರಿಂದ ನಷ್ಟವಿಲ್ಲ, ಏಕೆಂದರೆ ನಾಲ್ಕೇ ಮಂದಿ ನಿಂತ ಬೇಸಿಗಿಂತ ಎರಡು ಸಾಲಿನ ಎಂಟು ಮಂದಿ ನಿಂತ ಬೇಸು ಭರ್ಜಿಯವರ ದಟ್ಟ ವ್ಯೂಹಕ್ಕೆ ಹೆಚ್ಚು ಹತ್ತಿರ.

ಆನೆಯನ್ನು ಕೊಳ್ಳುವಾಗ ಮಾತ್ರ ಎಚ್ಚರ. ಮೈಸೂರಿನವರಾದ ನಿಮಗೆ ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ: ನಮ್ಮ ಆನೆಯ ಕಿವಿ ಚಿಕ್ಕದು, ಬೆನ್ನು ಮೇಲಕ್ಕೆ ಬಾಗಿದ್ದು, ಹಣೆಯಲ್ಲಿ ಎರಡು ಉಬ್ಬು, ಆಫ್ರಿಕದ್ದಕ್ಕೆ ಭುಜ ಮುಚ್ಚುವ ಕಿವಿ, ನಡುವೆ ತಗ್ಗಿದ ಬೆನ್ನು. ಒಂದೇ ಅಚ್ಚಿನ ಆನೆಗೆ ಮಾವುತನನ್ನಷ್ಟೇ ಬದಲಾಯಿಸಿ ಎರಡು ಹೆಸರಿನಲ್ಲಿ ಮಾರಿದ ಒಬ್ಬ ತಯಾರಕರಿಂದ ನಾನು ಹಿಂದೆ ನಾಲ್ಕು ಆನೆ ತರಿಸಿ, ದಸರೆಯ ಮೆರವಣಿಗೆ ನೋಡಿ ಬೆಳೆದ ನನ್ನ ಮಗಳಿಂದ ನಗೆಪಾಟಲಾಗಿದ್ದೇನೆ. ಬೆನ್ನ ಮೇಲೆ ಮರದ ಗೋಪುರವಿರುವ ಎರಕವನ್ನೂ ಪೋರಸನಿಗೆ ಬಿಟ್ಟುಬಿಡಿ. ಅಂಥ ಗೋಪುರದ ಉಲ್ಲೇಖಗಳು ಸಿಗುವುದು ಈ ಕಾಳಗಕ್ಕೆ ನಾಲ್ಕೈದು ದಶಕಗಳ ನಂತರ, ಗ್ರೀಕ್ ದೊರೆ ಪಿರ್ಹಸನ ಕಾಲಕ್ಕೆ. ಮಾವುತನ ಹಿಂದೆ ಎರಡೂ ಬದಿಗೆ ಕಾಲು ಇಳಿಬಿಟ್ಟು ಕುಳಿತ ಒಬ್ಬಿಬ್ಬರು ಯೋಧರಿದ್ದರೆ ಸಾಕು, ಅಂಬಾರಿ ಬೇಡ.

ಬೆರೆಸುವ ವಿಚಾರ: ಗೊಂಬೆ ಹಬ್ಬದಲ್ಲಿ ಅರಮನೆಯ ಬಾಗಿಲಿಗಿಂತ ಶೆಟ್ಟಿ ಎತ್ತರವಾಗಿದ್ದರೆ ಯಾರೂ ತಕರಾರು ಮಾಡುವುದಿಲ್ಲ, ಆದರೆ ಯುದ್ಧದ ಮೇಜಿನ ಮೇಲೆ ಒಂದೇ ಬೇಸಿನ ಪಕ್ಕದವನಿಗಿಂತ ಒಬ್ಬ ಭುಜದಷ್ಟು ಎತ್ತರವಿದ್ದರೆ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ಬೇಸಿಗೆ ಒಬ್ಬರೇ ತಯಾರಕರು ಎಂಬ ನಿಯಮ ಇಟ್ಟುಕೊಂಡರೆ ಉಳಿದದ್ದು ನಡೆಯುತ್ತದೆ. ಎದುರಾಳಿ ಸೈನ್ಯಗಳು ಬೇರೆ ಬೇರೆ ತಯಾರಕರವಾಗಿದ್ದರೆ ಚಿಂತೆಯೇ ಇಲ್ಲ. ಕುದುರೆಗಳನ್ನು ಮಾತ್ರ ಒಬ್ಬರಿಂದಲೇ ಕೊಳ್ಳಿ; ಎತ್ತರದ ವ್ಯತ್ಯಾಸ ಮನುಷ್ಯರಲ್ಲಿ ಸಹಜವೆನಿಸಿದರೂ ಕುದುರೆಯಲ್ಲಿ ಅದು ಕುದುರೆಗೂ ಕತ್ತೆಗೂ ಇರುವ ವ್ಯತ್ಯಾಸದಂತೆ ಕಾಣುತ್ತದೆ.

ಪ್ರಶ್ನೆ: ಇಲ್ಲಿ ಒಬ್ಬರಿಂದ ಹಳೆಯ 15 ಮಿ.ಮೀ. ರೋಮನ್ ಸೈನ್ಯವೊಂದನ್ನು ಕೊಂಡು ಓಕ್ ಮರದ ಗಾಜಿನ ಕಪಾಟಿನಲ್ಲಿ ಇಟ್ಟಿದ್ದೆ. ಈಗ ಕೆಲವು ಗೊಂಬೆಗಳ ಕಾಲಬಳಿ ಬಣ್ಣ ಎದ್ದು, ಬೂದಿಯಂಥ ಬಿಳಿ ಪುಡಿ ಬಂದಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಲೇ?
– ಬರ್ಮಿಂಗ್‌ಹ್ಯಾಮಿನ ಓದುಗರೊಬ್ಬರು

ಉತ್ತರ: ಖಂಡಿತ ಬೇಡ. ಹಿತ್ತಾಳೆಯ ದೀಪಕ್ಕೆ ಹೊಳಪು ಕೊಡುವ ಹುಳಿಯೇ ಸೀಸಕ್ಕೆ ಶತ್ರು. ಹಳೆಯ ಗೊಂಬೆಗಳ ಲೋಹದಲ್ಲಿ ಸೀಸದ ಪಾಲು ಹೆಚ್ಚು. ಓಕ್ ಮರ, ಪ್ಲೈವುಡ್, ಬಿಳಿಯ ಮರದಂಟು ಇವುಗಳಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಮುಚ್ಚಿದ ಕಪಾಟಿನಲ್ಲಿ ತೇವದೊಂದಿಗೆ ಸೇರಿದಾಗ ಸೀಸ ಕರಗಿ ಕೊನೆಗೆ ಸೀಸದ ಕಾರ್ಬೊನೇಟ್ ಆಗುತ್ತದೆ, ನೀವು ಕಂಡ ಬಿಳಿ ಪುಡಿ ಅದೇ. ಬಣ್ಣ ಬಳಿಯದೆ ಬಿಟ್ಟ ಅಡಿಭಾಗದಲ್ಲಿ ಅದು ಮೊದಲು ಕಾಣುವುದು ಸಹಜ. ಪುಡಿ ವಿಷಕಾರಿಯಾದ್ದರಿಂದ ಒಣ ಬ್ರಷ್ಷಿನಿಂದ ಹಾರಿಸಬೇಡಿ, ಊದಲೂ ಬೇಡಿ; ಕೈಗವಸು ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆದು, ಗೊಂಬೆಯನ್ನು ಪೂರ್ತಿ ಒಣಗಿಸಿ, ಅಡಿಭಾಗವೂ ಸೇರಿದಂತೆ ಎಲ್ಲೆಡೆ ಪ್ರೈಮರ್ ಮತ್ತು ವಾರ್ನಿಷ್ ಬಳಿಯಿರಿ. ಪುಡಿ ಬಂದವನ್ನು ಉಳಿದವುಗಳಿಂದ ಬೇರೆ ಇಡಿ. ಕಪಾಟು ಎಷ್ಟೇ ಚೆಂದವಿದ್ದರೂ ಅದರಲ್ಲಿ ಪುಸ್ತಕ ಇಟ್ಟು, ಸೈನ್ಯವನ್ನು ಲೋಹದ ಬೀರುವಿಗೆ ವರ್ಗಾಯಿಸಿ. ಈಚಿನ ಎಷ್ಟೋ ತಯಾರಕರು ಸೀಸವಿಲ್ಲದ ತವರದ ಮಿಶ್ರಲೋಹ ಬಳಸುತ್ತಾರೆ, ಅವಕ್ಕೆ ಈ ರೋಗವಿಲ್ಲ. ಅವು ಗಡುಸು, ಬೆಲೆಯೂ ಹೆಚ್ಚು.

ಪ್ರಶ್ನೆ: 15 ಮಿ.ಮೀ. ಮ್ಯಾಸಿಡೋನಿಯನ್ನರ ಕೈಯ ಎರಕದ ಭರ್ಜಿಗಳು ಪ್ರತಿ ಆಟದಲ್ಲೂ ಬಾಗುತ್ತವೆ. ಏನು ಮಾಡಲಿ?
– ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಸಾರಿಸ್ಸಾ ಎಂಬ ಆ ಭರ್ಜಿ ಹದಿನೆಂಟು ಅಡಿಯಷ್ಟು ಉದ್ದವಿತ್ತು, ಅಂದರೆ ನೂರರಲ್ಲೊಂದು ಪ್ರಮಾಣದಲ್ಲಿ ಸುಮಾರು 55 ಮಿ.ಮೀ.; ಅಷ್ಟು ಉದ್ದದ ಮೃದು ಲೋಹ ಬಾಗದೆ ಇರಲಾರದು. ಎರಕದ ಭರ್ಜಿಯನ್ನು ಕತ್ತರಿಸಿ, ಮುಷ್ಟಿಯಲ್ಲಿ 0.6 ಮಿ.ಮೀ.ನ ಕೈಬೈರಿಗೆಯಿಂದ ತೂತು ಕೊರೆದು, ಅಷ್ಟೇ ದಪ್ಪದ ಉಕ್ಕಿನ ತಂತಿಯನ್ನು ಸೂಪರ್‌ಗ್ಲೂ ಹಾಕಿ ಕೂರಿಸಿ. ಗಿಟಾರಿನ ಸುತ್ತಿಲ್ಲದ ತಂತಿಯೂ ಆಗುತ್ತದೆ. ತುದಿಯನ್ನು ಚಪ್ಪಟೆಯಾಗಿ ಬಡಿದು ಅರದಿಂದ ಮೊನೆ ಮಾಡಬಹುದು, ಆದರೆ ಮೊನೆಯನ್ನು ತೀರ ಚೂಪು ಮಾಡಬೇಡಿ. ಆಟದ ನಡುವೆ ಬೇಸನ್ನು ಎತ್ತುವವರು ನೀವೇ.