ಪಿಯುಸಿಯಲ್ಲಿ ಸಾಧಾರಣ ಅಂಕ ಪಡೆದವರು ಬಿಎಸ್ಸಿ ನರ್ಸಿಂಗ್ ಓದಬಹುದೇ?

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಶೇ 56 ಅಂಕ ಪಡೆದಿರುವ ನೀವು, ಬಿಎಸ್ಸಿ ನರ್ಸಿಂಗ್ ಸೇರಿದರೆ ಪಾಸಾಗಲು ಸಾಧ್ಯವೇ, ಇಲ್ಲವೇ ನೆಂಟರು ಹೇಳುತ್ತಿರುವಂತೆ ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂ ಮಾಡಿಕೊಂಡರೆ ಸಾಕೇ ಎಂದು ಕೇಳಿದ್ದೀರಿ. ಸೀಟು ಸಿಕ್ಕರೆ ಬಿಎಸ್ಸಿಗೇ ಸೇರಿ ಎಂಬುದು ನನ್ನ ಉತ್ತರ. ನಾನೂ ಪಿಯುಸಿಯಲ್ಲಿ ನಿಮ್ಮ ಅಂಕದ ಆಸುಪಾಸಿನಲ್ಲೇ ಇದ್ದು, ಭೌತಶಾಸ್ತ್ರದಲ್ಲಿ ಹೇಗೋ ದಡ ಸೇರಿ, ಆಮೇಲೆ ಈ ಪದವಿ ಮುಗಿಸಿದವಳು. ಈಗ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ಪೋಸ್ಟಿಂಗ್ ಮೇಲೆ ನಮ್ಮ ವಾರ್ಡಿಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳನ್ನು ಹತ್ತಿರದಿಂದ ನೋಡುತ್ತಿರುತ್ತೇನೆ. ಅವರಲ್ಲಿ ಯಾರು ಚೆನ್ನಾಗಿ ಕಲಿಯುತ್ತಾರೆ ಎಂಬುದು ಪಿಯುಸಿ ಅಂಕಕ್ಕಿಂತ ಹೆಚ್ಚಾಗಿ ಅವರು ಯಾವ ಕಾಲೇಜಿನಿಂದ ಬಂದಿದ್ದಾರೆ ಎಂಬುದರ ಮೇಲೆಯೇ ನಿಂತಿದೆ ಎಂದು ನನಗೆ ಮತ್ತೆ ಮತ್ತೆ ಅನಿಸಿದೆ.

ಮೊದಲು ಅರ್ಹತೆಯ ವಿಷಯ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದಲ್ಲಿ ಒಟ್ಟು ಶೇ 45 ಅಂಕ ಇರಬೇಕು, ಇಂಗ್ಲಿಷ್‌ನಲ್ಲಿ ಉತ್ತೀರ್ಣರಾಗಿರಬೇಕು, ವಯಸ್ಸು 17 ತುಂಬಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಂಕದಲ್ಲಿ ಶೇ 5ರ ರಿಯಾಯಿತಿ ಇದೆ. ನಿಮ್ಮ ಶೇ 56 ಎಲ್ಲ ವಿಷಯಗಳ ಸರಾಸರಿ ಆಗಿದ್ದರೆ, ಈ ಮೂರು ವಿಷಯಗಳ ಸರಾಸರಿಯನ್ನು ಬೇರೆಯಾಗಿ ಲೆಕ್ಕ ಹಾಕಿ ನೋಡಿಕೊಳ್ಳಿ, ಏಕೆಂದರೆ ಭಾಷಾ ವಿಷಯಗಳಲ್ಲಿ ಹೆಚ್ಚು ಅಂಕ ಬಂದು ಒಟ್ಟು ಶೇಕಡಾವಾರು ಮೇಲೇರಿರುವುದು ಸಾಮಾನ್ಯ. ನಮ್ಮ ರಾಜ್ಯದಲ್ಲಿ 2023ರಿಂದ ಬಿಎಸ್ಸಿ ನರ್ಸಿಂಗ್ ಪ್ರವೇಶವೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ವ್ಯವಸ್ಥೆಯೊಳಗೆ ಬಂದಿರುವುದರಿಂದ, ಪ್ರಾಧಿಕಾರದ ಪ್ರಕಟಣೆಗಳನ್ನು ನೀವೇ ಓದಿ. ಏಜೆಂಟರ ಮಾತನ್ನು ನೆಚ್ಚಿಕೊಳ್ಳಬೇಡಿ.

ಪಾಸಾಗುವ ಭಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಾವು ಓದುವಾಗ ವಾರ್ಷಿಕ ಪರೀಕ್ಷೆ ಇತ್ತು. 2021ರ ಪರಿಷ್ಕೃತ ಪಠ್ಯಕ್ರಮದ ನಂತರ ನಾಲ್ಕು ವರ್ಷಗಳ ಓದು ಎಂಟು ಸೆಮಿಸ್ಟರ್‌ಗಳಾಗಿದ್ದು, ಕೊನೆಯ ಸೆಮಿಸ್ಟರ್ ಇಂಟರ್ನ್‌ಶಿಪ್‌ಗೆ ಮೀಸಲಾಗಿದೆ. ಪಿಯುಸಿಯಲ್ಲಿ ನಿಮ್ಮನ್ನು ಕಾಡಿದ ಭೌತಶಾಸ್ತ್ರ ಇಲ್ಲಿ ಒಂದು ಪ್ರತ್ಯೇಕ ವಿಷಯವಾಗಿ ಎದುರಾಗುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸಮಾಜಶಾಸ್ತ್ರ, ಮನಃಶಾಸ್ತ್ರ ಮತ್ತು ಶುಶ್ರೂಷೆಯ ಮೂಲಪಾಠಗಳಿರುತ್ತವೆ. ಇವು ಅರ್ಥವಾಗದಷ್ಟು ಕಠಿಣವೇನಲ್ಲ, ಆದರೆ ಓದಿ ನೆನಪಿಟ್ಟುಕೊಳ್ಳಬೇಕಾದದ್ದು ಬಹಳ. ಸಿದ್ಧಾಂತ ಮತ್ತು ಪ್ರಾಯೋಗಿಕ ಎರಡರಲ್ಲೂ ಬೇರೆ ಬೇರೆಯಾಗಿ ಶೇ 50 ಬರಬೇಕು, ಥಿಯರಿ ತರಗತಿಗಳಲ್ಲಿ ಶೇ 80 ಹಾಜರಾತಿ ಇರಬೇಕು, ಪದವಿ ಕೈಗೆ ಸಿಗುವ ಮೊದಲು ಪ್ರಾಯೋಗಿಕ ತರಬೇತಿಯ ಹಾಜರಾತಿ ನೂರಕ್ಕೆ ನೂರು ಪೂರ್ತಿಯಾಗಿರಬೇಕು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಪುಸ್ತಕ ತೆರೆದು ಪಾಸಾಗುವ ಬುದ್ಧಿವಂತರಿಗಿಂತ, ತರಗತಿ ತಪ್ಪಿಸದೆ ದಿನವೂ ಎರಡು ಗಂಟೆ ಓದುವ ಸಾಧಾರಣ ವಿದ್ಯಾರ್ಥಿಗೆ ಈ ವ್ಯವಸ್ಥೆ ಹೆಚ್ಚು ಅನುಕೂಲಕರ ಎಂದು ನಾನು ನಂಬಿದ್ದೇನೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ನಿಜವಾದ ಕಷ್ಟ ಇರುವುದು ಇಂಗ್ಲಿಷ್‌ನಲ್ಲಿ, ಅದನ್ನು ಮುಚ್ಚಿಡುವುದಿಲ್ಲ. ಪಠ್ಯಪುಸ್ತಕ, ಉತ್ತರಪತ್ರಿಕೆ, ವೈವಾ, ಕೇರ್ ಪ್ಲಾನ್, ರೋಗಿಯ ಕಡತದಲ್ಲಿ ಬರೆಯುವ ನರ್ಸ್ ನೋಟ್ಸ್ ಎಲ್ಲವೂ ಇಂಗ್ಲಿಷ್‌ನಲ್ಲೇ ಇರುತ್ತವೆ. ಪಿಯುಸಿಯ ಎರಡು ವರ್ಷ ವಿಜ್ಞಾನವನ್ನು ಇಂಗ್ಲಿಷ್‌ನಲ್ಲಿ ಓದಿ ದಾಟಿದ್ದೀರಿ, ಆದ್ದರಿಂದ ಅಡಿಪಾಯ ಇಲ್ಲವೆಂದಲ್ಲ. ಪ್ರವೇಶಕ್ಕೆ ಮುನ್ನ ಸಿಗುವ ಬಿಡುವಿನಲ್ಲಿ ಪಿಯುಸಿ ಜೀವಶಾಸ್ತ್ರದ ಮಾನವ ಶರೀರದ ಅಧ್ಯಾಯಗಳನ್ನು ಮತ್ತೊಮ್ಮೆ ಓದಿ, ಒಂದೊಂದು ಪುಟವನ್ನೂ ಪುಸ್ತಕ ಮುಚ್ಚಿಟ್ಟು ನಿಮ್ಮದೇ ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ನೋಡಿ. ಹೃದಯದಲ್ಲಿ ರಕ್ತ ಹರಿಯುವ ದಾರಿಯನ್ನು ಹೀಗೆ ಬರೆಯಲು ಬಂದವರು ಮೊದಲ ಇಂಟರ್ನಲ್ಸ್‌ನಲ್ಲಿ ಗಾಬರಿಯಾಗುವುದಿಲ್ಲ. ಅತ್ತ ವಾರ್ಡಿನಲ್ಲಿ ಕನ್ನಡವೇ ನಿಮ್ಮ ಬಲ. ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳಲ್ಲಿ ಹೊರರಾಜ್ಯಗಳ ವಿದ್ಯಾರ್ಥಿಗಳು, ಅದರಲ್ಲೂ ಕೇರಳದವರು, ಬಹಳ ಮಂದಿ ಇದ್ದಾರೆ. ಶ್ರಮಜೀವಿಗಳಾದ ಅವರು ರೋಗಿಯ ಮಾತು ತಿಳಿಯದೆ ಪರದಾಡುವಾಗ, ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಎದೆ ಉರಿ ಎನ್ನುತ್ತಿದ್ದಾರೋ ಎದೆ ಹಿಡಿದುಕೊಂಡಿದೆ ಎನ್ನುತ್ತಿದ್ದಾರೋ ಎಂಬುದು ನಿಮಗೆ ಒಂದೇ ಸಲಕ್ಕೆ ತಿಳಿಯುತ್ತದೆ. ಆ ವ್ಯತ್ಯಾಸ ತಿಳಿದು ಕೂಡಲೇ ವೈದ್ಯರಿಗೆ ತಿಳಿಸುವುದು ಶುಶ್ರೂಷೆಯ ಬಹುಮುಖ್ಯ ಭಾಗ.

ಲೆಕ್ಕದ ಭಯವಿದ್ದರೆ ಅದನ್ನೂ ಬಿಡಿ. ಜೆಂಟಾಮೈಸಿನ್ ಎಂಬ ಚುಚ್ಚುಮದ್ದಿನ 2 ಮಿಲಿಲೀಟರ್‌ನಲ್ಲಿ 80 ಮಿಲಿಗ್ರಾಂ ಇರುವಾಗ 60 ಮಿಲಿಗ್ರಾಂ ಕೊಡಬೇಕಾದರೆ 1.5 ಮಿಲಿಲೀಟರ್ ಎಳೆದುಕೊಳ್ಳಬೇಕು; 500 ಮಿಲಿಲೀಟರ್ ಡ್ರಿಪ್ ನಾಲ್ಕು ಗಂಟೆಯಲ್ಲಿ ಮುಗಿಯಬೇಕಿದ್ದು, ಸೆಟ್‌ನಲ್ಲಿ ಒಂದು ಮಿಲಿಲೀಟರಿಗೆ 20 ಹನಿ ಬೀಳುವುದಾದರೆ ನಿಮಿಷಕ್ಕೆ ಸುಮಾರು 42 ಹನಿ ಇರಿಸಬೇಕು. ಪ್ರೌಢಶಾಲೆಯ ಗುಣಾಕಾರ, ಭಾಗಾಕಾರ ಇದಕ್ಕೆ ಸಾಕು. ಆದರೆ ದಶಮಾಂಶ ಬಿಂದು ಒಂದು ಸ್ಥಾನ ಜರುಗಿದರೆ ರೋಗಿಗೆ ಹತ್ತು ಪಟ್ಟು ಔಷಧ ಹೋಗುತ್ತದೆ, ಆದ್ದರಿಂದ ಇಲ್ಲಿ ಬೇಕಾದದ್ದು ಪ್ರತಿ ಸಲವೂ ಲೆಕ್ಕವನ್ನು ಇನ್ನೊಮ್ಮೆ ನೋಡುವ ತಾಳ್ಮೆ.

ಜಿಎನ್‌ಎಂ ಕುರಿತು ನಿಮ್ಮ ನೆಂಟರು ಹೇಳುವುದರಲ್ಲಿ ತಪ್ಪೇನಿಲ್ಲ. ಮೂರು ವರ್ಷದ ಆ ಡಿಪ್ಲೊಮಾ ಮಾಡಿದ ಅತ್ಯುತ್ತಮ ದಾದಿಯರ ಕೈಕೆಳಗೆ ನಾನು ಕೆಲಸ ಕಲಿತಿದ್ದೇನೆ. ವಿಜ್ಞಾನ ಓದದವರಿಗೆ ಅಥವಾ ಶೇ 45 ದಾಟದವರಿಗೆ ಅದು ಗೌರವದ ದಾರಿ. ನಿಮಗೆ ಮಾತ್ರ ಅದು ಸುತ್ತುದಾರಿಯಾಗುತ್ತದೆ, ಏಕೆಂದರೆ ಮುಂದೆ ಪದವಿ ಬೇಕೆನಿಸಿದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಓದಬೇಕು, ಅಲ್ಲಿಗೆ ನಾಲ್ಕರ ಬದಲು ಐದು ವರ್ಷ. ಏಮ್ಸ್ ಸಂಸ್ಥೆಗಳ ನೇಮಕಾತಿಗೆ ನಡೆಯುವ ನಾರ್‌ಸೆಟ್ ಪರೀಕ್ಷೆಯನ್ನು ಬಿಎಸ್ಸಿ ಮಾಡಿ ನೋಂದಣಿಯಾದವರು ನೇರವಾಗಿ ಬರೆಯಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಎಂಎಸ್ಸಿ ಮಾಡಿ ಬೋಧನೆಗೆ ಹೋಗುವ ಆಸೆ ಮುಂದೆ ಹುಟ್ಟಿದರೂ ಪದವಿ ಕೈಯಲ್ಲಿದ್ದರೆ ದಾರಿ ನೇರ.

ಇನ್ನು ಕಾಲೇಜಿನ ಆಯ್ಕೆ. ಸಾಧಾರಣ ರ‍್ಯಾಂಕ್ ಬಂದವರಿಗೆ ಸರ್ಕಾರಿ ಕಾಲೇಜಿನ ಸೀಟು ಸಿಗುವುದು ಕಷ್ಟ, ಆಗ ಖಾಸಗಿ ಕಾಲೇಜುಗಳ ದೊಡ್ಡ ಪಟ್ಟಿ ಮುಂದಿರುತ್ತದೆ, ಮೋಸ ಹೋಗುವ ಸಾಧ್ಯತೆ ಇರುವುದೂ ಅಲ್ಲಿಯೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ, ಭಾರತೀಯ ಶುಶ್ರೂಷಾ ಪರಿಷತ್ತಿನ ಪಟ್ಟಿ, ಈ ಮೂರನ್ನೂ ಆಯಾ ಸಂಸ್ಥೆಯ ಜಾಲತಾಣದಲ್ಲೇ ನೋಡಿ ಖಚಿತಪಡಿಸಿಕೊಳ್ಳಿ. ಅದಕ್ಕಿಂತಲೂ ಮುಖ್ಯವಾಗಿ, ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ ಎಂದು ಕೇಳಿ. ಬಿಎಸ್ಸಿ ನಡೆಸುವ ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಮಾತೃಸಂಸ್ಥೆಯ ಆಸ್ಪತ್ರೆ ಇರಬೇಕೆಂದು ಭಾರತೀಯ ಪರಿಷತ್ತಿನ ಮಾನದಂಡ ಹೇಳುತ್ತದೆ, ಆದರೂ ಕಾಗದದ ಮೇಲಿನ ಹಾಸಿಗೆಗಳೂ ರೋಗಿಗಳು ಮಲಗಿರುವ ಹಾಸಿಗೆಗಳೂ ಬೇರೆ ಬೇರೆ. ನಮ್ಮಲ್ಲಿಗೆ ಮೂರನೆಯ ವರ್ಷದಲ್ಲಿ ಬಂದ ಒಂದು ತಂಡದ ಹುಡುಗಿಯರು ಅದುವರೆಗೆ ನಿಜವಾದ ರೋಗಿಗೆ ಕ್ಯಾನುಲಾ (ರಕ್ತನಾಳಕ್ಕೆ ಸೇರಿಸುವ ಸಣ್ಣ ಕೊಳವೆ) ಹಾಕುವುದನ್ನು ಹತ್ತಿರ ನಿಂತು ನೋಡಿಯೂ ಇರಲಿಲ್ಲ. ಗೊಂಬೆಯ ಮೇಲೆ ಮಾಡಿದ್ದ ಪ್ರೊಸೀಜರ್‌ಗಳಿಂದಲೇ ಅವರ ಲಾಗ್‌ಬುಕ್ ತುಂಬಿತ್ತು. ಅವರೆಲ್ಲ ಬುದ್ಧಿವಂತ ಮಕ್ಕಳು, ಪೂರ್ತಿ ಶುಲ್ಕ ಕಟ್ಟಿದವರು. ಅದನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಸಿಇಟಿಯ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸುವುದಕ್ಕೆ ಮುನ್ನ, ಆಯ್ಕೆಯಲ್ಲಿ ಮೇಲಿಡಬೇಕೆಂದಿರುವ ಕಾಲೇಜಿನ ಆಸ್ಪತ್ರೆಗೆ ವಾರದ ಮಧ್ಯೆ ಒಂದು ಬೆಳಗ್ಗೆ ತಂದೆಯವರನ್ನು ಕರೆದುಕೊಂಡು ಹೋಗಿ. ಹೊರರೋಗಿ ವಿಭಾಗದಲ್ಲಿ ಜನರ ಸಾಲಿದೆಯೇ, ಹೆರಿಗೆ ವಾರ್ಡು ನಡೆಯುತ್ತಿದೆಯೇ ಎಂದು ನೋಡಿ. ಅಲ್ಲಿ ಸಮವಸ್ತ್ರದಲ್ಲಿರುವ ಎರಡನೆಯ ಅಥವಾ ಮೂರನೆಯ ವರ್ಷದ ವಿದ್ಯಾರ್ಥಿಗಳನ್ನು ಮಾತನಾಡಿಸಿ, ವಾರದಲ್ಲಿ ಎಷ್ಟು ದಿನ ವಾರ್ಡಿಗೆ ಕಳುಹಿಸುತ್ತಾರೆ, ಜೊತೆಯಲ್ಲಿ ಟ್ಯೂಟರ್ ಇರುತ್ತಾರೆಯೇ, ಕೋರ್ಸ್ ಮುಗಿದ ಮೇಲೆ ಅಲ್ಲೇ ಇಂತಿಷ್ಟು ಕಾಲ ಕೆಲಸ ಮಾಡಬೇಕೆಂಬ ಬಾಂಡ್ ಇದೆಯೇ ಎಂದು ಕೇಳಿ. ಹೇಳಿದ ಶುಲ್ಕದ ಜೊತೆಗೆ ಹಾಸ್ಟೆಲ್, ಸಮವಸ್ತ್ರ, ಪರೀಕ್ಷೆ ಮತ್ತು ಹೊರಗಿನ ಪೋಸ್ಟಿಂಗ್‌ಗೆ ಕೊಡಬೇಕಾದ ಹಣವನ್ನೆಲ್ಲ ನಾಲ್ಕು ವರ್ಷಕ್ಕೂ ಬರೆಯಿಸಿಕೊಳ್ಳಿ, ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿ. ಪ್ರವೇಶದ ವೇಳೆ ಮೂಲ ಅಂಕಪಟ್ಟಿಗಳನ್ನು ತೋರಿಸಿ, ಪರಿಶೀಲನೆ ಮುಗಿದೊಡನೆ ವಾಪಸ್ ಪಡೆಯಿರಿ. ಕಾಲೇಜಿನಲ್ಲಿ ಕೊಟ್ಟುಬರಬೇಕಾದ ಪ್ರತಿಯೊಂದು ದಾಖಲೆಗೂ ಸಹಿ, ಮೊಹರು ಇರುವ ರಸೀದಿ ಕೇಳಿ.