ಗುರುಗಳನ್ನೇ ಅಧ್ಯಕ್ಷರನ್ನಾಗಿ ಮಾಡಬೇಡಿ, ವೇಷದ ಪಟ್ಟಿಯನ್ನು ಸಮಿತಿಗೆ ಬಿಡಬೇಡಿ

ಮಾರಾಯ್ರೇ, ನಿಮ್ಮ ಹವ್ಯಾಸಿ ಯಕ್ಷಗಾನ ಸಂಘದ ಹೊಸ ಸಮಿತಿ ಹೇಗಿರುತ್ತದೆ ಅಂತ ಇಲ್ಲಿ ಹಾಕಿ, ಮಹಾಸಭೆ ಬರುವ ಭಾನುವಾರ ಅಂತ ಬರೆದಿದ್ದೀರಿ. ಅದಕ್ಕೆ ಮುಂಚೆ ಇದನ್ನು ಪೂರ್ತಿ ಓದಿ. ಉದ್ದ ಆಗಿದೆ, ಆದರೆ ಸುಮ್ನೆ ಬರೆದದ್ದಲ್ಲ.

ನಿಮ್ಮ ಯೋಜನೆ ನನಗೆ ಅರ್ಥ ಆದದ್ದು ಹೀಗೆ. ಹೆಜ್ಜೆ ಕಲಿಸುವ ಗುರುಗಳೇ ಸಂಘದ ಅಧ್ಯಕ್ಷರು. ಹೋದ ವರ್ಷದ ಆಟಕ್ಕೆ (ಪ್ರದರ್ಶನಕ್ಕೆ) ಜಾಸ್ತಿ ಹಣ ಕೊಟ್ಟವರು ಗೌರವಾಧ್ಯಕ್ಷರು, ಪ್ರಸಂಗ, ಅಂದರೆ ಆಡುವ ಕಥೆ, ಯಾವುದೆಂದು ಅವರೇ ಹೇಳುತ್ತಾರೆ. ಯಾರಿಗೆ ಯಾವ ವೇಷ (ಪಾತ್ರ) ಅಂತ ಸಮಿತಿ ಕೂತು ಬಹುಮತದಲ್ಲಿ ತೀರ್ಮಾನಿಸುತ್ತದೆ. ನಿಮ್ಮಲ್ಲಿ ಚೆನ್ನಾಗಿ ಕುಣಿಯುವವರೊಬ್ಬರು ಕಾರ್ಯದರ್ಶಿ. ದುಡ್ಡು ಸದ್ಯಕ್ಕೆ ಖಜಾಂಚಿಯ ಸ್ವಂತ ಖಾತೆಯಲ್ಲಿ. ಕೆಳಗೆ ಎಷ್ಟೋ ಜನ "ಒಳ್ಳೆಯ ತಂಡ, ಶುಭವಾಗಲಿ" ಎಂದಿದ್ದಾರೆ. ನಾನು ಹಾಗೆ ಹೇಳಲಾರೆ. ಬೆಂಗಳೂರಿನಲ್ಲಿ ನಮ್ಮ ಹವ್ಯಾಸಿ ಸಂಘ ಶುರುವಾದಾಗ ಹೆಚ್ಚುಕಡಿಮೆ ಇದೇ ವ್ಯವಸ್ಥೆ ಇತ್ತು. ಅದಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಸಂಘ ಒಡೆಯಿತು. ಮತ್ತೆ ಕಟ್ಟಲು ವರ್ಷಗಳೇ ಹಿಡಿದವು.

ಗುರುಗಳನ್ನು ಅಧ್ಯಕ್ಷರನ್ನಾಗಿ ಮಾಡುವಾಗ ನಮಗೂ ಗೌರವದ ಮಾತೇ ತಲೆಯಲ್ಲಿತ್ತು. ಕಲಿಸಿದವರು ಮೇಲಿರಬೇಕು, ಸರಿ ಅಲ್ವಾ? ಆದರೆ ಅಧ್ಯಕ್ಷರ ಕೆಲಸ ಏನು? ತರಗತಿಯ ಶುಲ್ಕ ಬಾಕಿ ಇಟ್ಟವರಿಗೆ ಹೇಳಬೇಕು. ಸದಸ್ಯರ ಜಗಳ ಬಿಡಿಸಬೇಕು. ಚೆಕ್ಕಿಗೆ ಸಹಿ ಹಾಕಬೇಕು. ಗುರುಗಳ ಸಂಭಾವನೆಯ ಚೆಕ್ಕಿಗೂ ಅವರೇ ಸಹಿ ಹಾಕಬೇಕು. ಅಲ್ಲೇ ಲೆಕ್ಕಪರಿಶೋಧಕರು ಮೊದಲ ಪ್ರಶ್ನೆ ಕೇಳುತ್ತಾರೆ. ಪದಾಧಿಕಾರಿಗೆ ಸಂಘದಿಂದ ಹಣ ಹೋಗಿದೆ, ಯಾವ ಠರಾವಿನ ಮೇಲೆ, ಯಾರು ನಿಗದಿ ಮಾಡಿದರು ಅಂತ. ನಮ್ಮಲ್ಲಿ ಉತ್ತರ ಇರಲಿಲ್ಲ. ಹಣ ನ್ಯಾಯವಾದದ್ದೇ, ಗುರುಗಳು ಒಂದು ರೂಪಾಯಿ ಹೆಚ್ಚು ತೆಗೆದುಕೊಂಡವರಲ್ಲ. ಆದರೂ ಆ ಪ್ರಶ್ನೆ ಹೊರಗೆ ಹೋಗಿ ಬೇರೆ ಬಣ್ಣ ಪಡೆಯಿತು.

ಆಮೇಲೆ ವೇಷದ ಪಟ್ಟಿ. ಆ ವರ್ಷ ಅಭಿಮನ್ಯುವಿನ ಆಟ. ಎಲ್ಲರಿಗೂ ಅಭಿಮನ್ಯುವೇ ಬೇಕು, ಯಾರಿಗೂ ಸೈಂಧವ ಬೇಡ. ಪಟ್ಟಿ ಮಾಡುವ ಸಮಿತಿಯಲ್ಲಿ ಕಲಿಯುವ ಮಕ್ಕಳ ಅಪ್ಪಂದಿರೂ ಇದ್ದರು, ಸ್ವತಃ ವೇಷ ಮಾಡುವವರೂ ಇದ್ದರು. ಗುರುಗಳು ಒಬ್ಬ ಹುಡುಗಿಯನ್ನು ಹೇಳಿದರು. ತಾಳದ ಮೇಲೆ ಅವಳಿಗೆ ಒಳ್ಳೆಯ ಹಿಡಿತವಿತ್ತು. ಸಮಿತಿ ಬಹುಮತದಲ್ಲಿ ಇನ್ನೊಬ್ಬನನ್ನು ಆರಿಸಿತು. ಗುರುಗಳು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದರಿಂದ ತಮ್ಮದೇ ಶಿಷ್ಯೆಯ ವಿರುದ್ಧದ ತೀರ್ಮಾನವನ್ನು ತಾವೇ ಓದಿ ಹೇಳಬೇಕಾಯಿತು. ಆ ಆಟ ಹೇಗೋ ಮುಗಿಯಿತು. ಮುಂದಿನ ತಿಂಗಳು ಆ ಹುಡುಗಿ ಬರಲಿಲ್ಲ, ಅವಳ ಜೊತೆಯವರು ಬರಲಿಲ್ಲ. ಕೊನೆಗೆ ಗುರುಗಳೂ ಬಿಟ್ಟರು. ಅವರು ಬರೀ ಗುರುಗಳಾಗಿದ್ದರೆ ಮುನಿಸಿಕೊಂಡರೂ ಕರೆದು ತರಬಹುದಿತ್ತು. ಅಧ್ಯಕ್ಷರಾಗಿ ರಾಜೀನಾಮೆ ಕೊಟ್ಟವರನ್ನು ತರಗತಿಗೆ ವಾಪಸ್ ಕರೆಯುವುದು ಬಹಳ ಕಷ್ಟ.

ಮೇಳಗಳನ್ನು, ಅಂದರೆ ಊರೂರು ತಿರುಗಿ ಆಡುವ ವೃತ್ತಿ ತಂಡಗಳನ್ನು ನೋಡಿ. ತಿರುಗಾಟ, ವೀಳ್ಯ (ಆಟ ಆಡಿಸುವವರು ಕೊಡುವ ಹಣ), ಸಂಬಳ, ಲಾರಿ ಎಲ್ಲ ಯಜಮಾನರದು. ರಂಗಸ್ಥಳದಲ್ಲಿ ಪದ್ಯ ಎಷ್ಟು, ಕುಣಿತ ಎಲ್ಲಿ ನಿಲ್ಲಬೇಕು, ಯಾರ ಪ್ರವೇಶ ಯಾವಾಗ ಅನ್ನುವುದು ಹಾಡುತ್ತಾ ಆಟ ನಡೆಸುವ ಭಾಗವತರದು. ಈ ಎರಡು ಅಧಿಕಾರವನ್ನು ಹಿರಿಯರು ಬೇರೆ ಬೇರೆ ಇಟ್ಟದ್ದು ಅನುಭವದಿಂದ. ನಾವು ಹವ್ಯಾಸಿಗಳು ಪಟ್ಟಣಕ್ಕೆ ಬಂದು ಎರಡನ್ನೂ ಒಂದೇ ಸಮಿತಿಯೊಳಗೆ ಕಲಸಿಬಿಡುತ್ತೇವೆ.

ಕೆರೆಮನೆಯ ಉದಾಹರಣೆ ಕೊಟ್ಟು ಒಬ್ಬರು ವಾದ ಮಾಡಿದ್ದಾರೆ, ಕಲಾವಿದರೇ ನಡೆಸಿದರೆ ತಪ್ಪೇನು ಅಂತ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು, ಆಮೇಲೆ ಶಂಭು ಹೆಗಡೆಯವರು, ಈಗ ಶಿವಾನಂದ ಹೆಗಡೆಯವರು. ಹೌದು, ವೇಷ ಮಾಡಿದವರೇ ಸಂಸ್ಥೆ ನಡೆಸಿದರು, ದೊಡ್ಡದಾಗಿ ನಡೆಸಿದರು. ಆದರೆ ಅದು ಒಂದು ಮನೆತನ ಹೊತ್ತುಕೊಂಡ ಮೇಳ. ನಷ್ಟ ಬಂದರೆ ಆ ಮನೆಗೇ ಬಂತು. ನಿಮ್ಮದು ಬೇರೆ ಬೇರೆ ಕೆಲಸ ಮಾಡುವ ಜನ ಸಂಜೆ ಸೇರಿ ಚಂದಾ ಎತ್ತಿ ನಡೆಸುವ ಸಂಘ. ಅದರ ಲೆಕ್ಕಾಚಾರ ಇದಕ್ಕೆ ಹೊಂದುವುದಿಲ್ಲ. ಮಾದರಿ ಬೇಕೆಂದರೆ ಉಡುಪಿಯ ಯಕ್ಷಗಾನ ಕಲಾರಂಗವನ್ನು ನೋಡಿ. 1975ರಿಂದ ಇದೆ. ಕಲಾವಿದರಿಗೆ ಮನೆ ಕಟ್ಟಿಸಿಕೊಟ್ಟರು, ವಿದ್ಯಾಪೋಷಕ್ ಅಂತ ಬಡ ಮಕ್ಕಳ ಓದಿಗೆ ನೆರವು ಕೊಡುತ್ತಾರೆ. ಕಲಾವಿದರ ಬೆನ್ನಿಗೆ ನಿಲ್ಲುವ ಸಂಘಟಕರು ಇದ್ದರೆ ಎಷ್ಟು ಕೆಲಸ ಆಗುತ್ತದೆ ಅನ್ನುವುದಕ್ಕೆ ಅದೊಂದೇ ಸಾಕು.

ಹಾಗಾದರೆ ಗುರುಗಳು ಎಲ್ಲಿ? ಸಮಿತಿಯ ಹೊರಗೆ, ಆದರೆ ಕಲೆಯ ವಿಷಯದಲ್ಲಿ ಅವರ ಮಾತೇ ಕೊನೆ. ನಾವು ಮಹಾಸಭೆಯಲ್ಲಿ ಠರಾವು ಮಾಡಿಕೊಂಡಿದ್ದೇವೆ. ಪ್ರಸಂಗ ಮತ್ತು ವೇಷದ ಪಟ್ಟಿ ಗುರುಗಳು ಹಾಗೂ ಆ ಆಟದ ಭಾಗವತರು ಸೇರಿ ಮಾಡುತ್ತಾರೆ. ಸಮಿತಿ ಎರಡೇ ವಿಷಯ ಹೇಳಬಹುದು: ಬಜೆಟ್ ಎಷ್ಟು, ಸಮಯ ಎಷ್ಟು. ಪಟ್ಟಿ ಒಮ್ಮೆ ಗುಂಪಿಗೆ ಹಾಕಿದ ಮೇಲೆ ಅಧ್ಯಕ್ಷರಿಗೂ ಬದಲಾಯಿಸುವ ಹಕ್ಕಿಲ್ಲ. ಟ್ರಯಲ್‌ಗೆ (ಅಭ್ಯಾಸಕ್ಕೆ) ಬಾರದವರ ವೇಷ ತೆಗೆಯುವ ಅಧಿಕಾರವೂ ಗುರುಗಳದ್ದೇ. ಒಂದು ವೇಷಕ್ಕೆ ಇಬ್ಬರು ಯೋಗ್ಯರಿದ್ದರೆ ಅಭಿಮನ್ಯು ಒಂದು, ಎರಡು ಅಂತ ಮೊದಲ ಭಾಗ ಒಬ್ಬರಿಗೆ, ಉಳಿದದ್ದು ಇನ್ನೊಬ್ಬರಿಗೆ ಹಂಚುವುದು ಎಲ್ಲರಿಗೂ ಗೊತ್ತಿರುವ ದಾರಿ. ಅದನ್ನು ಎರಡಕ್ಕೇ ನಿಲ್ಲಿಸಿ. ಮೂರು ನಾಲ್ಕು ಮಾಡಿದರೆ ಪ್ರವೇಶವೇ ಮುಗಿಯುವುದಿಲ್ಲ, ಹಿಮ್ಮೇಳದವರು (ಹಾಡುವವರು, ನುಡಿಸುವವರು) ಸೋತು ಹೋಗುತ್ತಾರೆ. ಇಷ್ಟೆಲ್ಲ ಆದಮೇಲೂ ಬೇಸರ ಆಗುವವರು ಇರುತ್ತಾರೆ. ಆದರೆ ಆ ಬೇಸರ ಸಮಿತಿಯೊಳಗೆ ಬರುವುದಿಲ್ಲ, ಗುಂಪು ಕಟ್ಟುವುದಿಲ್ಲ.

ಗೌರವಾಧ್ಯಕ್ಷರ ಬಗ್ಗೆ ಖಾರವಾಗಿಯೇ ಹೇಳುತ್ತೇನೆ. ಹಣ ಕೊಟ್ಟವರಿಗೆ ಬ್ಯಾನರಿನಲ್ಲಿ ಹೆಸರು ಹಾಕಿ, ದೀಪ ಬೆಳಗಿಸಲು ಕರೆಯಿರಿ, ಶಾಲು ಹೊದಿಸಿ, ಮುಂದಿನ ಸಾಲಿನಲ್ಲಿ ಕೂರಿಸಿ. ಪ್ರಸಂಗದ ಆಯ್ಕೆ ಕೊಡಬೇಡಿ. ಇವತ್ತು ಪ್ರಸಂಗ ಕೇಳಿದವರು ನಾಳೆ ಅಣ್ಣನ ಮಗನಿಗೆ ವೇಷ ಕೇಳುತ್ತಾರೆ. ನಿಮ್ಮ ಮಕ್ಕಳಿಗೆ ಪುಂಡುವೇಷ (ಹರೆಯದ ವೀರರ ಪಾತ್ರ) ಬರುತ್ತದೆ, ಬಣ್ಣದ ವೇಷ (ರಾಕ್ಷಸ ಪಾತ್ರ) ಬರುವವರೇ ಇಲ್ಲ, ಹಣ ಕೊಟ್ಟವರು ರಾಕ್ಷಸರೇ ತುಂಬಿದ ಪ್ರಸಂಗ ಹೇಳಿದರೆ ಏನು ಮಾಡುತ್ತೀರಿ? ಹೊರಗಿನಿಂದ ವೃತ್ತಿ ಕಲಾವಿದರನ್ನು ಕರೆಸಬೇಕು, ದಾನಿ ಕೊಟ್ಟ ಹಣ ಅಲ್ಲಿಗೇ ಸರಿಹೋಗುತ್ತದೆ.

ಈಗ ಕಾರ್ಯದರ್ಶಿ. ನನ್ನ ಪ್ರಕಾರ ಸಂಘ ನಿಲ್ಲುವುದು ಇವರ ಮೇಲೆ. ನನ್ನದು ಒಂದೇ ನಿಯಮ: ಆಟದ ದಿನ ಬಣ್ಣ ಹಚ್ಚುವವರು ಕಾರ್ಯದರ್ಶಿ ಆಗಬಾರದು. ನೀವು ಆರಿಸಿದವರು ಒಳ್ಳೆಯ ವೇಷಧಾರಿ ಅಂತ ಬರೆದಿದ್ದೀರಿ. ಅದೇ ತೊಂದರೆ. ವೇಷಭೂಷಣದವರ ವ್ಯಾನ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದೆ, ಚೆಂಡೆಯವರು ಗೇಟಿನಲ್ಲಿ ನಿಂತಿದ್ದಾರೆ, ಸಭಾಂಗಣದವರು ಬಾಕಿ ಹಣ ಕೇಳುತ್ತಿದ್ದಾರೆ, ಆಗ ನಿಮ್ಮ ಕಾರ್ಯದರ್ಶಿ ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ಕೇದಗೆ ಮುಂದಲೆ ಅನ್ನುವ ತಲೆಯುಡುಗೆ ಕಟ್ಟಿಸಿಕೊಂಡು ಕೂತಿರುತ್ತಾರೆ. ಫೋನ್ ಎತ್ತುವವರು ಯಾರು? ಕುಣಿಯುವ ಆಸೆ ಇರುವವರು ಆ ಅವಧಿ ಮುಗಿಸಿ ಕುಣಿಯಲಿ. ನಾನು ಕಾರ್ಯದರ್ಶಿ ಆಗಿದ್ದಷ್ಟು ಕಾಲ ಗೆಜ್ಜೆ ಕಟ್ಟಲಿಲ್ಲ. ಅದರಲ್ಲಿ ನಷ್ಟ ಅನಿಸಲಿಲ್ಲ.

ಕಾರ್ಯದರ್ಶಿಗೆ ನಾನು ಹೇಳಿಕೊಡುವ ಒಂದು ವಿಧಾನ ಇದೆ, ಇದನ್ನು ಮಾತ್ರ ದಯವಿಟ್ಟು ಮಾಡಿ. ಕವರ್ ವಿಧಾನ. ಆಟದ ಹಿಂದಿನ ರಾತ್ರಿ ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರೂ ಕೂತು ಭಾಗವತರು, ಮದ್ದಲೆ, ಚೆಂಡೆ, ಅತಿಥಿ ಕಲಾವಿದರು, ವೇಷಭೂಷಣ, ಮೇಕಪ್ಪಿನವರು, ಧ್ವನಿ ಬೆಳಕು, ಎಲ್ಲರ ಹೆಸರಿನಲ್ಲಿ ಬೇರೆ ಬೇರೆ ಕವರ್ ಮಾಡಿ. ಒಳಗೆ ಹಣ, ಜೊತೆಗೆ ಸಹಿ ಹಾಕಬೇಕಾದ ವೋಚರ್. ಮೊದಲೇ ಮುಂಗಡ ಕೊಟ್ಟಿದ್ದರೆ ಕವರಿನ ಮೇಲೆ ಬರೆಯಿರಿ. ಮಂಗಳ ಹಾಡಿದ ತಕ್ಷಣ, ಅವರು ಬಣ್ಣ ತೆಗೆಯುವ ಹೊತ್ತಿಗೆ, ಚೌಕಿಗೆ ಹೋಗಿ ಕೈಗೆ ಕೊಡಿ. "ನಾಳೆ ಫೋನ್‌ಪೇ ಮಾಡುತ್ತೇವೆ" ಅಂತ ಯಾವತ್ತೂ ಹೇಳಬೇಡಿ. ಅವರು ರಾತ್ರಿ ಬಸ್ಸಿಗೆ ಕುಂದಾಪುರಕ್ಕೋ ಹೊನ್ನಾವರಕ್ಕೋ ಹೋಗಬೇಕು. ನಾಳೆ ಅನ್ನುವುದು ವಾರ ಆಗುತ್ತದೆ, ಕಲಾವಿದರು ಬಾಯಿ ಬಿಟ್ಟು ಕೇಳುವುದಿಲ್ಲ, ಮುಂದಿನ ಸಲ ಕರೆದರೆ "ಆ ದಿನ ಬೇರೆ ಆಟ ಇದೆ" ಅನ್ನುತ್ತಾರೆ. ದೊಡ್ಡ ಮೊತ್ತಕ್ಕೆ ನಗದು ಬೇಡ, ಚೆಕ್ಕು ಬರೆದು ಕವರಿನಲ್ಲಿ ಇಡಿ. ಹಣ ಪಡೆಯುವವರು ಆನ್‌ಲೈನೇ ಬೇಕು ಅಂದರೆ ಅವರ ಎದುರೇ ಕಳಿಸಿ. ಆದರೆ ವೋಚರಿನ ಸಹಿ ಅಲ್ಲೇ ತೆಗೆದುಕೊಳ್ಳಿ, ಮಾರ್ಚ್ ತಿಂಗಳಲ್ಲಿ ಸಹಿಗಾಗಿ ಊರೂರು ಅಲೆಯುವ ಕಷ್ಟ ಬೇಡ.

ಖಜಾಂಚಿಯ ಸ್ವಂತ ಖಾತೆ? ಇವತ್ತೇ ನಿಲ್ಲಿಸಿ. ಅವರು ಎಷ್ಟೇ ಪ್ರಾಮಾಣಿಕರಿರಲಿ, ಬಂದ ಹಣ ಅವರ ಹೆಸರಿನಲ್ಲಿ ತೋರಿಸುತ್ತದೆ. ಅವರಿಗೆ ನೀವು ಮಾಡುತ್ತಿರುವುದು ಅನ್ಯಾಯ. "ಹತ್ತು ಜನರ ಸಂಘಕ್ಕೆ ನೋಂದಣಿ ಯಾಕೆ" ಅಂತ ಕೇಳಿದವರಿಗೂ ಸೇರಿಸಿ ಹೇಳುತ್ತೇನೆ: 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು. ನೋಂದಣಿ ಆದರೆ ಸಂಘದ ಹೆಸರಿನಲ್ಲಿ ಪ್ಯಾನ್, ಸಂಘದ ಹೆಸರಿನಲ್ಲಿ ಖಾತೆ, ಅದರದ್ದೇ ಕ್ಯೂಆರ್. ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಅಂತ ಮಾಡಿ. ನೋಂದಣಿ ಆದಮೇಲೆ ಮಲಗಬೇಡಿ. ಪ್ರತಿ ವರ್ಷ ಮಹಾಸಭೆ ಆದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ಹೋಗಬೇಕು. ತುಂಬಾ ಸಂಘಗಳು ಇದನ್ನು ಬಿಟ್ಟು, ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕುವಾಗ ಓಡಾಡುತ್ತವೆ. ಆಗ ಆಡಿಟ್ ವರದಿ, ಆಮಂತ್ರಣ ಪತ್ರಿಕೆ, ಫೋಟೋ ಎಲ್ಲ ಕೇಳುತ್ತಾರೆ. ಪ್ರತಿ ಆಟದ್ದೂ ಒಂದು ಫೈಲಿನಲ್ಲಿ ಇಡಿ.

ಪದಾಧಿಕಾರಿಗಳು ಬದಲಾದ ವಾರದಲ್ಲೇ ಠರಾವಿನ ನಕಲು ಹಿಡಿದು ಬ್ಯಾಂಕಿಗೆ ಹೋಗಿ. ನಮ್ಮಲ್ಲಿ ಹಳೆಯ ಖಜಾಂಚಿ ವಿದೇಶಕ್ಕೆ ಹೋದರು, ಸಹಿ ಬದಲಾಗಿರಲಿಲ್ಲ, ಇನ್ನೊಬ್ಬ ಸಹಿದಾರರು ಮುನಿಸಿಕೊಂಡು ಹೊರಗಿದ್ದರು. ಹಣ ಇದ್ದೂ ಭಾಗವತರಿಗೆ ಮುಂಗಡ ಕೊಡಲು ಆಗಲಿಲ್ಲ. ಅದಕ್ಕೇ ಎಲ್ಲರನ್ನೂ ಒಂದೇ ವರ್ಷ ಬದಲಾಯಿಸಬೇಡಿ. ಅಧ್ಯಕ್ಷರು, ಕಾರ್ಯದರ್ಶಿ ಒಂದು ವರ್ಷ, ಖಜಾಂಚಿ ಮರುವರ್ಷ.

ನಿಮ್ಮ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ತರಗತಿಯ ಫೋಟೋದಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರು, ಅಮ್ಮಂದಿರು ಕಾಣುತ್ತಾರೆ. ಚೌಕಿಯಲ್ಲಿ ಬೇರೆ ಕೋಣೆ ಬೇಕು, ರಾತ್ರಿ ಮನೆಗೆ ಬಿಡುವ ವ್ಯವಸ್ಥೆ ಬೇಕು ಅಂತ ಸಭೆಯಲ್ಲಿ ಹೇಳುವವರು ಯಾರು? ಕಡೇಪಕ್ಷ ಇಬ್ಬರನ್ನು ತನ್ನಿ, ಸಹಿ ಇರುವ ಹುದ್ದೆಗೇ ತನ್ನಿ.

ಮಹಾಸಭೆಯ ಸಮಯದ ಬಗ್ಗೆ ಒಂದು ಮಾತು. ತುಳುನಾಡಿನ ಪತ್ತನಾಜೆ ದಿನ, ಅಂದರೆ ಮೇ 24ರ ಆಸುಪಾಸು, ತೆಂಕಿನ (ಕರಾವಳಿಯ ದಕ್ಷಿಣ ಭಾಗದ ಶೈಲಿಯ) ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದರೆ ಆ ವರ್ಷದ ತಿರುಗಾಟ ಮುಗಿಸುತ್ತವೆ. ಮಳೆಗಾಲದಲ್ಲಿ ವೃತ್ತಿ ಕಲಾವಿದರು ಸಿಗುತ್ತಾರೆ. ಮಾರ್ಚ್ 31ರ ಲೆಕ್ಕ ಮುಗಿಸಿ ಜೂನ್‌ನಲ್ಲಿ ಮಹಾಸಭೆ ಮಾಡಿದರೆ ಹೊಸ ಸಮಿತಿಗೆ ಮಳೆಗಾಲದ ಆಟಕ್ಕೆ ಭಾಗವತರನ್ನು ಕೇಳಲು ಸಮಯ ಇರುತ್ತದೆ. ದೀಪಾವಳಿ ಆದಮೇಲೆ ಕೇಳಿದರೆ ಒಳ್ಳೆಯ ಹಿಮ್ಮೇಳ ಮೇಳದಲ್ಲಿರುತ್ತದೆ. ಈ ವರ್ಷ ನಿಮಗೆ ತಡವಾಗಿದೆ, ಮುಂದಿನ ವರ್ಷಕ್ಕೆ ಸರಿಮಾಡಿ.

ಹಣ ಉಳಿದರೆ ಏನು ಕೊಳ್ಳಬೇಕು ಅಂತ ಕೊನೆಯಲ್ಲಿ ಕೇಳಿದ್ದೀರಿ. ವೇಷಭೂಷಣ ಕೊಳ್ಳಬೇಡಿ. ಇಡಲು ಜಾಗ ಬೇಕು, ಮಳೆಗಾಲದಲ್ಲಿ ಹಾಳಾಗುತ್ತದೆ, ಬಾಡಿಗೆಯೇ ವಾಸಿ. ಭಾಗವತರಿಗೆ ಒಂದು ಒಳ್ಳೆಯ ಮೈಕ್ ತೆಗೆದುಕೊಳ್ಳಿ, ಶೂರ್ ಎಸ್‌ಎಂ 58 ಸಾಕು, ಬಾಳಿಕೆ ಬರುತ್ತದೆ. ಹೆಸರಿಲ್ಲದ ಅಗ್ಗದ ಕಾರ್ಡ್‌ಲೆಸ್ ಬೇಡವೇ ಬೇಡ. ತರಗತಿಗೆ ರಾಡೆಲ್ ಶ್ರುತಿ ಪೆಟ್ಟಿಗೆ ಇರಲಿ, ಮೊಬೈಲ್ ಆ್ಯಪ್‌ನ ಶ್ರುತಿ ಚೆಂಡೆಯ ಎದುರು ಕೇಳಿಸುವುದಿಲ್ಲ. ಬಣ್ಣಕ್ಕೆ ಕ್ರಯೋಲಾನ್ ಕಂಪನಿಯ ಮೇಕಪ್ ದುಬಾರಿ, ಆದರೂ ಮಕ್ಕಳಿಗೆ ನಾನು ಅಂಥದ್ದನ್ನೇ ಹೇಳುವುದು. ಹಳೆಯ ಕ್ರಮದ ಹಳದಿ ಬಣ್ಣ ಅರದಾಳದಲ್ಲಿ ಆರ್ಸೆನಿಕ್ ಇದೆ, ಕೆಂಪು ಬಣ್ಣ ಇಂಗಳೀಕದಲ್ಲಿ ಪಾದರಸ ಇದೆ. ಮಕ್ಕಳ ಮುಖಕ್ಕೆ ಅದು ಬೇಡ ಅಂತ ಮೇಕಪ್ಪಿನವರಿಗೆ ಮೊದಲೇ ಹೇಳಿ.

ನಿಮ್ಮ ಸಂಘ ತೀರಾ ಚಿಕ್ಕದು, ಇಷ್ಟು ಜನರನ್ನು ಬೇರೆ ಬೇರೆ ಇಡಲು ಆಗುವುದಿಲ್ಲ ಅಂದರೆ ಉಳಿದದ್ದನ್ನೆಲ್ಲ ಒಬ್ಬರೇ ಮಾಡಲಿ, ಆದರೆ ಖಜಾಂಚಿ ಬೇರೆ ಇರಲಿ, ಗುರುಗಳು ಹೊರಗಿರಲಿ. ಭಾನುವಾರಕ್ಕೆ ಗುರುಗಳಿಗೆ ಇದನ್ನು ಹೇಳುವುದು ಕಷ್ಟ ಅನಿಸಿದರೆ ಸಭೆಗೆ ಮುಂಚೆಯೇ ಅವರ ಮನೆಗೆ ಹೋಗಿ ಮಾತಾಡಿ, ಸಭೆಯಲ್ಲಿ ಎಲ್ಲರ ಎದುರು ಬೇಡ. ಪಟ್ಟಿಯ ಅಧಿಕಾರ ಪೂರ್ತಿ ಅವರದ್ದು ಅಂತ ಮೊದಲು ಹೇಳಿ, ಕುರ್ಚಿಯ ವಿಷಯ ಆಮೇಲೆ. ಬೈಲಾ ಕರಡು ಇದ್ದರೆ ಇಲ್ಲೇ ಹಾಕಿ, ಶನಿವಾರ ರಾತ್ರಿಯೊಳಗೆ ಓದಿ ಹೇಳುತ್ತೇನೆ.