ದಿನಾ ಕೇಳುವ ಪರ್ಮಿಷನ್

ಆಕೆ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದದ್ದು ಸಿಟ್ಟು ಕಡಿಮೆ ಮಾಡಿಕೊಳ್ಳಲು. ಯುಕೆಜಿ ಓದುವ ಮಗನಿಗೆ ಹೋಂವರ್ಕ್ ವಿಷಯಕ್ಕೆ ಜೋರಾಗಿ ಹೊಡೆದು, ಆಮೇಲೆ ರಾತ್ರಿಯೆಲ್ಲ ಅತ್ತಿದ್ದರು. ಗುರುತು ಸಿಗದಂತೆ ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ.

ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಆಕೆಗೆ ಲೆಕ್ಕ ಬರೆಯುವ ಕೆಲಸ. ಬೆಳಗ್ಗೆ 10ರಿಂದ ಸಂಜೆ 6. ಮಗನ ಶಾಲೆ ಬಿಡೋದು 3.30ಕ್ಕೆ. ಕೂಸಿಗೆ 11 ತಿಂಗಳು. ನೋಡಿಕೊಳ್ಳುತ್ತಿದ್ದ ಅತ್ತೆ ಮಂಡಿನೋವು ಜಾಸ್ತಿಯಾಗಿ ಸಿಂಧನೂರಿಗೆ, ಹಿರಿಮಗನ ಮನೆಗೆ ಹೋದರು. ಈಗ ಕೂಸು ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ, ಅದೂ ನಾಲ್ಕರವರೆಗೆ. ಗಂಡನಿಗೆ ಶಕ್ತಿನಗರದ ಕಡೆ ಶಿಫ್ಟ್ ಕೆಲಸ.

ಹಾಗಾಗಿ ಬೇಗ ಹೊರಡಲು ದಿನಾ ಪರ್ಮಿಷನ್ ಕೇಳಬೇಕು. ಮಿಲ್ಲಿನ ಮಾಲೀಕರಾದ ಸಾವ್ಕಾರ್ರು ಕೆಟ್ಟವರಲ್ಲ. "ಕೇಳಿದ್ರ ಇಲ್ಲ ಅನ್ನಂಗಿಲ್ರಿ ಮೇಡಂ. ಆದ್ರ ದಿನಾ ಕೇಳೋದೇ ಸಾಕಾಗ್ಯದ," ಎಂದು ಆಕೆಯೇ ಹೇಳಿದರು. ನನಗೆ ಮುಖ್ಯ ಅನಿಸಿದ್ದು ಈ ಮಾತು. ಮಧ್ಯಾಹ್ನ ಎರಡಾದರೆ ಎದೆ ಡವಡವ. ಇವತ್ತು ಹೇಗೆ ಕೇಳಲಿ, ನಿನ್ನೆಯೂ ಕೇಳಿದ್ದೆನಲ್ಲ ಎಂಬ ಯೋಚನೆ. ಆ ಸಿಟ್ಟೇ ಮನೆಗೆ ಬಂದು ಮಗನ ಬೆನ್ನಿಗೆ ಬೀಳುತ್ತಿತ್ತು.

ಆಕೆಯ ಅಕ್ಕ ಸರ್ಕಾರಿ ಶಾಲೆ ಟೀಚರ್. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ 180 ದಿನಗಳ ಶಿಶುಪಾಲನಾ ರಜೆ ಇದೆ. ಖಾಸಗಿಯವರಿಗೆ ಅದಿಲ್ಲ. ನೌಕರರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ತೆರೆಯಬೇಕಾದ್ದು 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ. ಈ ಮಿಲ್ಲಿನಲ್ಲಿ ಅಷ್ಟಿಲ್ಲ. ಆದರೆ ಮಗುವಿಗೆ 15 ತಿಂಗಳಾಗುವವರೆಗೆ, ಊಟದ ಬಿಡುವಲ್ಲದೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕಾನೂನಿನಲ್ಲೇ ಇದೆ. ಇದು ಆಕೆಗೆ ಗೊತ್ತೇ ಇರಲಿಲ್ಲ. ಹಾಗಂತ ಮೊದಲ ಮಾತಿಗೇ ಕಾನೂನು ತೆಗೆಯಬೇಡಿ ಎಂದೆ. ಸಣ್ಣ ಮಿಲ್ಲಿನಲ್ಲಿ ಅದು ಜಗಳ ತೆಗೆದಂತೆಯೇ.

ಬದಲಿಗೆ ಗಂಡನ ಶಿಫ್ಟ್ ಚಾರ್ಟ್ ತರಿಸಿದೆ. ಬೆಳಗ್ಗೆ 6ರಿಂದ 2ರ ವಾರ ಆತ ಮೂರಕ್ಕೆ ಮನೆಯಲ್ಲಿ. ನೈಟ್ ಶಿಫ್ಟ್ ವಾರ ಹಗಲು ಮಲಗಿದರೂ ಮೂರಕ್ಕೆ ಏಳಬಹುದು. ಅಂದರೆ ಮೂರು ವಾರದಲ್ಲಿ ಎರಡು ವಾರ ಮಗನನ್ನು ಕರೆತರೋದು ಅಪ್ಪನ ಕೆಲಸ. ಇದನ್ನು ಇಷ್ಟು ದಿನ ಯಾರೂ ಆತನಿಗೆ ಹೇಳಿರಲಿಲ್ಲ, ಆತನಿಗೂ ಹೊಳೆದಿರಲಿಲ್ಲ. ಹೊಳೆಯದಿದ್ದರೆ ಅನುಕೂಲ ಯಾರಿಗೆ ಅನ್ನೋದು ಬೇರೆ ಮಾತು ಬಿಡಿ.

ಉಳಿದದ್ದು 2ರಿಂದ 10ರ ಶಿಫ್ಟಿನ ವಾರ. ಆ ವಾರ ಮಧ್ಯಾಹ್ನ ಒಂದರವರೆಗೆ ಆತ ಮನೆಯಲ್ಲೇ. ಮಗನನ್ನು ಶಾಲೆಗೆ ಕಳಿಸಿ, ಕೂಸನ್ನೂ ನೋಡಿಕೊಳ್ಳಬಹುದು. ಹಾಗಾಗಿ ಆ ಒಂದು ವಾರ 7.30ಕ್ಕೆ ಬಂದು 3.15ಕ್ಕೆ ಹೋಗುತ್ತೇನೆ ಎಂದು ಒಂದೇ ಸಲ, ಒಂದು ಹಾಳೆಯಲ್ಲಿ ಬರೆದು ಕೇಳಿ ಎಂದೆ. ಕೆಲಸ ನಿಲ್ಲದಂತೆ ಏನು ಮಾಡುತ್ತೇನೆ ಎಂಬುದೂ ಅದೇ ಹಾಳೆಯಲ್ಲಿ: ಸಂಜೆ ಬರುವ ಲಾರಿಗಳ ತೂಕದ ಚೀಟಿಗಳನ್ನು ಮರುದಿನ 10ರೊಳಗೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಹಾಕುವುದು. ಜಿಎಸ್‌ಟಿ ರಿಟರ್ನಿನ 11 ಮತ್ತು 20ನೇ ತಾರೀಖು ಕೆಲಸ ಮುಗಿಯುವವರೆಗೆ ಇರುವುದು. ಆ ದಿನ ಮಕ್ಕಳ ಹತ್ತಿರ ಅಕ್ಕ. "ಉಳಿದದ್ದನ್ನು ರಾತ್ರಿ ಮನೆಯಲ್ಲಿ ಮಾಡುತ್ತೇನೆ" ಎಂದೂ ಆಕೆ ಬರೆದಿದ್ದರು. ಆ ಸಾಲು ಹೊಡೆಸಿದೆ. ಮೊದಲೇ ನಿದ್ದೆಯಿಲ್ಲ, ಅದನ್ನೂ ಒಪ್ಪಿಸಿಬಿಟ್ಟರೆ ಹೇಗೆ?

ಸಾವ್ಕಾರ್ರು, "ಟೈಂ ಅಂದ್ರ ಎಲ್ಲಾರಿಗೂ ಒಂದೇ ಅಲ್ಲೇನವ್ವಾ?" ಅಂದರಂತೆ. ಅದಕ್ಕೆ ಉತ್ತರ ಮೊದಲೇ ಮಾತಾಡಿಕೊಂಡಿದ್ದೆವು. ಏಪ್ರಿಲ್, ಮೇ ಬಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು 8ಕ್ಕೆ ತೆರೆದು 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ಟೈಂ ಬದಲಾಗಬಹುದಾದರೆ ಮಕ್ಕಳಿಗೆ ಯಾಕಾಗಬಾರದು? ಅವರು ನಕ್ಕರಂತೆ. ಒಂದು ತಿಂಗಳು ನೋಡೋಣ ಎಂದರು. ಹತ್ತಿ ಸೀಸನ್ನಿನಲ್ಲಿ ಮಾತ್ರ ಮತ್ತೆ ಕೂತು ಮಾತಾಡಬೇಕು ಎಂಬ ಷರತ್ತು ಹಾಕಿದರು. ಅದು ನ್ಯಾಯವೇ.

ನೈಟ್ ಶಿಫ್ಟ್ ವಾರ ಮೂರಕ್ಕೆ ಏಳೋಕೆ ಗಂಡ ಇನ್ನೂ ಗೊಣಗುತ್ತಾರಂತೆ. ಮುಂದಿನ ಭೇಟಿಗೆ ಅವರನ್ನೂ ಬರಹೇಳಿದ್ದೇನೆ.